ನಮ್ಮತ್ತೆಯೂ ಕಾಡಿನ ಉಣುಗೂ

ಕ್ಯಾಸನೂರಿನ ಆಸುಪಾಸಿನಲ್ಲಿ ಆಶಾ ಕಾರ್ಯಕರ್ತೆಯಾದವಳು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಹೋದ ಮನೆಯಲ್ಲೆಲ್ಲ ಒಂದೊಂದು ಕಾದಿರುತ್ತದೆ. ಮಂಗನ ಕಾಯಿಲೆಯ ಕಾಲ ಬಂತೆಂದರೆ, ಜ್ವರ ಹರಡುವ ಉಣುಗು ಹುಳ ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳಿ, ಕಾಡಿನಿಂದ ಬಂದವರು ಬಿಸಿನೀರಲ್ಲಿ ಮೀಯಿರಿ, ಬಟ್ಟೆ ಕುದಿಸಿ ಎಂದು ಸಾರುತ್ತಾ ತಿರುಗುತ್ತೇನೆ. ಊರು ಅರ್ಧ ಕೇಳುತ್ತದೆ. ನಮ್ಮತ್ತೆ ಏನೂ ಕೇಳುವುದಿಲ್ಲ. ಕೊಟ್ಟಿಗೆಗೆ ಹಾಸಲು ಒಣ ಎಲೆ ತರಲು ದಿನಾ ಕಾಡಿಗೆ ಹೋಗುವವರು ಅವರೇ. ಪಕ್ಕದೂರಲ್ಲಿ ಒಬ್ಬರು ಈ ಜ್ವರದಲ್ಲಿ ತೀರಿಕೊಂಡ ಮೇಲೆ, ಅತ್ತೆ ಮನೆಗೆ ಬರುವವರೆಗೂ ನನ್ನ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಕಾಪಿಟ್ಟ ಎಣ್ಣೆ

ನಾನು ಹಂಚಿದ ಎಣ್ಣೆಯ ಬಾಟಲಿ ಒಬ್ಬ ಅಜ್ಜನ ಮನೆಯಲ್ಲಿ ತಿಂಗಳಾದರೂ ಮುಚ್ಚಳ ಬಿಚ್ಚದೆ ದೇವರ ಗೂಡಿನಲ್ಲಿ ಕೂತಿತ್ತು.

"ಯಾಕಜ್ಜಾ ಹಚ್ಚಿಲ್ಲ?"

"ಪುಕ್ಕಟೆ ಸಿಕ್ತು ಅಂತ ಹಾಳು ಮಾಡಕ್ಕಾಗ್ತದಾ? ಜ್ವರ ಬಂದ್ಮೇಲೆ ಹಚ್ಕಂತೀನಿ ಬಿಡು."

ಜ್ವರ ಬಂದ ಮೇಲೆ ಈ ಎಣ್ಣೆ ಕೆಲಸಕ್ಕೆ ಬರುವುದಿಲ್ಲ ಎಂದೆ. ಅಜ್ಜ ಬಾಟಲಿ ತಂದು ನನ್ನ ಕೈಗೇ ಕೊಟ್ಟರು. "ಹಂಗಾರೆ ಬ್ಯಾಡ. ಕೆಲಸಕ್ಕೆ ಬರೋ ಅಂಥದ್ದು ತಗಂಡ್ ಬಾ."

ಬೆನ್ನು ನೋಡುವವರು

ಶಿಕಾರಿಪುರದ ಕಡೆಯಿಂದ ಕುರಿ ಹೊಡೆದುಕೊಂಡು ಬಂದವರೊಬ್ಬರು ಒಂದೊಂದೇ ಕುರಿಯ ಕಿವಿ ಮಡಿಸಿ ಉಣುಗು ಹೆಕ್ಕುತ್ತಿದ್ದರು. ನಿಮ್ಮ ಮೈಯನ್ನೂ ಹೀಗೇ ನೋಡಿಕೊಳ್ಳುತ್ತೀರಾ ಎಂದೆ.

"ಮುಂದ ನಾನ ನೋಡ್ಕಂತೀನ್ರೀ. ಬೆನ್ನು ಯಾರು ನೋಡ್ಬೇಕು? ಮನಿಯಾಕಿ ಸಿಟ್ಟು ಮಾಡ್ಕಂಡು ತವರಿಗೆ ಹೋಗ್ಯಾಳ."

ಯಾರಾದರೂ ನೋಡಲೇಬೇಕು ಎಂದೆ. ಅವರು ಅಲ್ಲೇ ಹೆಂಡತಿಗೆ ಫೋನ್ ಹಚ್ಚಿದರು. "ಸರಕಾರದವ್ರು ಬಂದಾರ. ನೀ ಬರ್ಲೇಬೇಕಂತ."

ಸರಕಾರದ ಮಾತಿಗೆ ಬೆಲೆ ಕೊಟ್ಟು ಆಕೆ ಮರುದಿನವೇ ಆನವಟ್ಟಿಯಲ್ಲಿ ಬಸ್ಸಿಳಿದರು. ಬೆನ್ನು ನೋಡಿದರು. ಉಣುಗು ಸಿಗಲಿಲ್ಲ. ಗಂಡ ಮೈ ತಿಕ್ಕಿಕೊಂಡು ಎಷ್ಟು ದಿನವಾಯಿತು ಅನ್ನುವುದು ಮಾತ್ರ ಗೊತ್ತಾಯಿತು.

ಹೊಸ್ತಿಲಾಚೆ ನಿಂತ ಸಾಹೇಬರು

ಅತ್ತೆಗೆ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಒಂದು ಸಂಜೆ ಅವರು ಕಾಡಿನಿಂದ ಬಂದು, ಕಾಲಷ್ಟೇ ತೊಳೆದು, ಅದೇ ಸೀರೆಯಲ್ಲಿ ಒಲೆ ಮುಂದೆ ಕೂತರು. ನನಗೆ ಅಳುವೇ ಬಂತು.

"ಅತ್ತೆ, ಮಂಗ ಸತ್ರೆ ಅದರ ಮೈಮೇಲಿನ ಉಣುಗೆಲ್ಲ ಅಲ್ಲೇ ಎಲೆ ಮೇಲೆ ಉದುರ್ತಾವೆ. ಹೆಣದ ಮೇಲಿಂದ ಇಳಿದದ್ದೇ ನಿಮ್ಮ ಸೀರೆ ಹತ್ತಿರ್ತದೆ."

ಅತ್ತೆ ದಡಕ್ಕನೆ ಎದ್ದರು. "ಹೆಣದ ಮೇಲಿಂದಾ? ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಅದು ಸೂತಕ ಅಲ್ವೇನೇ?"

ಅಂದಿನಿಂದ ಎಣ್ಣೆ ಹಚ್ಚದೆ ಅವರು ಅಂಗಳ ದಾಟಲಿಲ್ಲ. ಕಾಡಿನಿಂದ ಬಂದವರು ನೇರ ಬಚ್ಚಲಿಗೆ, ಸೀರೆ ಕುದಿಯುವ ನೀರಿಗೆ. ಎಷ್ಟೋ ದಿನಗಳ ಮೇಲೆ ನಾನು ನೆಮ್ಮದಿಯಿಂದ ಉಂಡೆ.

ಮುಂದಿನ ವಾರ ಆರೋಗ್ಯ ಇಲಾಖೆಯ ಸಾಹೇಬರು ಮಂಗ ಸತ್ತ ಜಾಗ ನೋಡಿಕೊಂಡು ನೇರವಾಗಿ ನಮ್ಮನೆಗೆ ಬಂದರು. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತರು.

"ಮಂಗ ಸತ್ತಲ್ಲಿಗೆ ಹೋಗಿದ್ರಾ?"

"ಹೌದಮ್ಮ."

"ಹಂಗಾರೆ ಬಚ್ಚಲು ಆ ಕಡೆ ಐತಿ."

ಅರ್ಧ ಗಂಟೆಯ ಮೇಲೆ ಸಾಹೇಬರು ನನ್ನ ಗಂಡನ ಲುಂಗಿ ಉಟ್ಟು ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಆದರೂ ಕರ್ತವ್ಯ ಬಿಡಲಿಲ್ಲ. "ಉಣುಗು ಕಚ್ಚಿದ್ರೆ ಒಂದೆಂಟು ದಿನ ಜ್ವರ ಬರ್ತದಾ ಅಂತ ನೋಡ್ಕೋಬೇಕಮ್ಮ" ಎಂದು ಅತ್ತೆಗೆ ತಿಳಿಸಿದರು.

ಅತ್ತೆ ಬೆರಳು ಮಡಿಸಿ ಎಣಿಸಿದರು. "ನಮ್ಮಲ್ಲಿ ಹತ್ತು. ಸರಕಾರದ ಸೂತಕ ಎರಡು ದಿನ ಕಮ್ಮಿ ಅನ್ನಿ."