ಸಿಲ್ವಾರನಿಗೊಬ್ಬ ಗುರು

೧೯೯೪ನೇ ಇಸವಿಯಲ್ಲಿ, ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಸಣ್ಣ ದೇವಸ್ಥಾನಕ್ಕೆ ಸೇರಿದ ಕುದುರೆಯು ಎಡಕ್ಕೆ ತಿರುಗುವುದಿಲ್ಲವೆಂಬ ಸಂಗತಿ ಸರ್ಕಾರದ ಗಮನಕ್ಕೆ ಬಂದಿತು. ಊರಿನವರ ಗಮನಕ್ಕೆ ಅದು ಮೊದಲೇ ಬಂದಿತ್ತು. ಆದರೆ ಊರಿನವರ ಗಮನಕ್ಕೆ ಫೈಲು ನಂಬರು ಇರುವುದಿಲ್ಲವಾದ್ದರಿಂದ ಅದನ್ನು ಪರಿಗಣಿಸುವ ಪದ್ಧತಿಯಿಲ್ಲ.

ಕುದುರೆ ದೇವರ ಪಾಲಿಗೆ ಬಂದದ್ದು ಕ್ರಮಬದ್ಧವಾಗಿಯೇ. ಮೈಸೂರಿನ ಸಾಹುಕಾರರೊಬ್ಬರು ತಮ್ಮ ಎಳೆಯ ರೇಸುಕುದುರೆ ಗೆದ್ದರೆ ಬಂದ ಹಣದಲ್ಲಿ ಅರ್ಧ ದೇವರಿಗೆ ಎಂದು ಹರಕೆ ಹೊತ್ತಿದ್ದರು. ಕುದುರೆ ಒಂದು ಸಲವೂ ಗೆಲ್ಲಲಿಲ್ಲ. ನಷ್ಟದಲ್ಲಾದರೂ ದೇವರಿಗೆ ಪಾಲಿರಲಿ ಎಂದು ಸಾಹುಕಾರರು ಕುದುರೆಯನ್ನೇ ಲಾರಿಯಲ್ಲಿ ತಂದು ಬಿಟ್ಟು, ಮಂಗಳಾರತಿ ತೆಗೆದುಕೊಂಡು, ಹಿಂತಿರುಗಿ ನೋಡದೆ ಹೊರಟುಹೋದರು. ರೇಸಿನ ಕಾಗದಗಳಲ್ಲಿ ಅದರ ಹೆಸರು ಸಿಲ್ವರ್ ಪ್ರಾಮಿಸ್. ದಿನಾ ಪಾಲಹಳ್ಳಿಯಿಂದ ಹಸಿಹುಲ್ಲು ತರುತ್ತಿದ್ದ ಸೋಮಮ್ಮ ಅದನ್ನು ಸಿಲ್ವಾರ ಎಂದಳು. ಪಾತ್ರೆ ಅಂಗಡಿಯಲ್ಲಿ ಪರಿಚಯವಿದ್ದ ಹೆಸರಾದ್ದರಿಂದ ಊರಿಗೆಲ್ಲ ಅದೇ ನಿಂತಿತು.

ದೇವಸ್ಥಾನದ ಪಾರುಪತ್ತೇಗಾರರು, ಅಂದರೆ ಅಲ್ಲಿನ ಆಡಳಿತ ನೋಡಿಕೊಳ್ಳುವವರು, ರಾಮಸ್ವಾಮಿಯವರು. ಅಲ್ಲಿಯವರೆಗೆ ಅವರ ಆಡಳಿತಕ್ಕೆ ಒಳಪಟ್ಟಿದ್ದದ್ದು ಒಬ್ಬ ಅರ್ಚಕರು ಮತ್ತು ಒಂದು ನಗಾರಿ. ಕುದುರೆ ಕಟ್ಟಲು ಬೇರೆ ಜಾಗವಿಲ್ಲದೆ ಅವರು ತಮ್ಮ ಮನೆಯ ಖಾಲಿ ಕೊಟ್ಟಿಗೆಯಲ್ಲೇ ಅದನ್ನು ಕಟ್ಟಿಸಿದರು. ಬೆಳಗಿನ ಪೂಜೆಗೆ ಕುದುರೆ ದೇವರ ಮುಂದೆ ಹಾಜರಿರಬೇಕು ಎಂಬುದು ಸಾಹುಕಾರರ ಷರತ್ತು. ಇದರಲ್ಲಿ ಕಷ್ಟವೇನೂ ಇರಲಿಲ್ಲ. ಒಂದೇ ಸಾಲಿನಲ್ಲಿ ಎರಡು ಮನೆ ದಾಟಿದರೆ ದೇವಸ್ಥಾನ. ಮನೆಯಿಂದ ಹೊರಬಿದ್ದು ಬಲಕ್ಕೆ ತಿರುಗಿದರೆ ಸಾಕು, ಸಿಲ್ವಾರ ಕುಣಿಯುತ್ತ ಹೋಗಿ ನಿಲ್ಲುತ್ತಿತ್ತು.

ಕಷ್ಟವಿದ್ದದ್ದು ವಾಪಸ್ಸು ಬರುವುದರಲ್ಲಿ. ದೇವಸ್ಥಾನದಿಂದ ಮನೆಗೆ ಎಡಕ್ಕೆ ತಿರುಗಬೇಕು. ರೇಸು ಬಯಲಿನಲ್ಲಿ ಬರೀ ಬಲಕ್ಕೆ ಸುತ್ತಿ ಬೆಳೆದ ಸಿಲ್ವಾರನಿಗೆ ಎಡವೆಂಬ ದಿಕ್ಕೊಂದು ಇದೆಯೆಂದು ಯಾರೂ ಹೇಳಿರಲಿಲ್ಲ. ಎಳೆದರೆ ಹಿಂಗಾಲ ಮೇಲೆ ನಿಲ್ಲುತ್ತಿತ್ತು, ಒದೆಯುತ್ತಿತ್ತು, ಕಚ್ಚುತ್ತಿತ್ತು. ಅದರ ಪಾಡಿಗೆ ಬಿಟ್ಟರೆ ಬಲಕ್ಕೆ ಹೊರಟು, ಅಂಚೆ ಕಚೇರಿ ಮೂಲೆಯಲ್ಲಿ ಬಲಕ್ಕೆ, ಸೀಮೆಎಣ್ಣೆ ಡಿಪೋ ಮೂಲೆಯಲ್ಲಿ ಬಲಕ್ಕೆ, ಪೊಲೀಸ್ ಠಾಣೆ ಮೂಲೆಯಲ್ಲಿ ಬಲಕ್ಕೆ, ಬಾವಿಯ ಹತ್ತಿರ ಮತ್ತೆ ಬಲಕ್ಕೆ ತಿರುಗಿ ಮನೆ ಸೇರುತ್ತಿತ್ತು. ರಾಮಸ್ವಾಮಿಯವರು ಹಗ್ಗ ಹಿಡಿದು ಹಿಂದೆ ಓಡುತ್ತಿದ್ದರು. ಮೂರು ತಿಂಗಳಲ್ಲಿ ಅವರ ಹೊಟ್ಟೆ ಕರಗಿತು, ಡಾಕ್ಟರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅರ್ಧ ಮಾಡಿದರು.

ಇದರ ಜೊತೆಗೆ ಇನ್ನೊಂದು ಆಯಿತು. ಬೆಳಿಗ್ಗೆ ಅವರು ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಜಪಕ್ಕೆ ಕೂತಾಗ ಸಿಲ್ವಾರ ಹಿಂದಿನಿಂದ ಕತ್ತು ಚಾಚಿ ಅವರ ಭುಜದ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚುತ್ತಿತ್ತು. ಐವತ್ತೈದು ವರ್ಷದಲ್ಲಿ ಅವರ ಭುಜದ ಮೇಲೆ ಯಾರೂ ತಲೆಯಿಟ್ಟಿರಲಿಲ್ಲ. ಹೆಂಡತಿ ಪದ್ಮನವರದು ಆ ಸ್ವಭಾವವಲ್ಲ. ರಾಮಸ್ವಾಮಿಯವರಿಗೆ ಆ ಕುದುರೆಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು, ಇದಕ್ಕೆ ಯಾವ ಆದೇಶವೂ ಇರಲಿಲ್ಲ.

ಹೀಗಿರಲು ಆಡಿಟ್ ಬಂತು. ಲಾಳದ ಖರ್ಚನ್ನು ನೋಡಿದ ಆಡಿಟರು ಒಂದು ಆಕ್ಷೇಪಣೆ ಬರೆದರು: "ಮನೆಯಿಂದ ದೇವಸ್ಥಾನಕ್ಕಿರುವ ದೂರಕ್ಕಿಂತ ದೇವಸ್ಥಾನದಿಂದ ಮನೆಗಿರುವ ದೂರವು ಹೆಚ್ಚಾಗಿರಲು ಕಾರಣವೇನು? ಹೆಚ್ಚುವರಿಯಾಗಿ ಸವೆದ ಲಾಳಗಳ ಬಾಬ್ತು ಯಾರಿಂದ ವಸೂಲು ಮಾಡತಕ್ಕದ್ದು?"

ರಾಮಸ್ವಾಮಿಯವರು ಸರ್ಕಾರಿ ಕೆಲಸದಲ್ಲಿ ಅಷ್ಟು ವರ್ಷ ಇದ್ದೂ ಸತ್ಯವನ್ನೇ ಉತ್ತರವಾಗಿ ಕಳಿಸಿದರು. ಮೇಲಿನ ಕಚೇರಿಯಿಂದ ಆದೇಶ ಬಂತು. ಸದರಿ ಕುದುರೆಗೆ ಎಡಕ್ಕೆ ತಿರುಗುವುದನ್ನು ಕಲಿಸಲು ಯೋಗ್ಯ ತರಬೇತುದಾರನನ್ನು ದೀಪಾವಳಿಯೊಳಗಾಗಿ ಶೋಧಿಸತಕ್ಕದ್ದು. ತಪ್ಪಿದಲ್ಲಿ ಕುದುರೆಯನ್ನು ನಿರುಪಯುಕ್ತ ಸಾಮಗ್ರಿಯೆಂದು ಭಾವಿಸಿ, ಹರಿದ ಜಮಖಾನ ಹಾಗೂ ಅಡುಗೆಯ ತೂತುಬಿದ್ದ ಕೊಳದಪ್ಪಲೆಗಳ ಸಮೇತ ಹರಾಜು ಹಾಕತಕ್ಕದ್ದು.

"ಅವನನ್ನ ಕೊಳದಪ್ಪಲೆ ಜೊತೆ ಹರಾಜು ಹಾಕ್ತಾರಂತೆ ಕಣೇ" ಎಂದು ರಾಮಸ್ವಾಮಿಯವರು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದರು.

"ಕೊಳದಪ್ಪಲೆನಾದ್ರೂ ಯಾರಾದ್ರೂ ತಗೋತಾರೆ. ಎಡಕ್ಕೆ ತಿರುಗದೆ ಇರೋ ಕುದುರೆ ಯಾರಿಗೆ ಬೇಕು?" ಎಂದರು ಪದ್ಮ.

"ಒಬ್ಬ ಆಗ್ಲೇ ಬಂದು ನೋಡ್ಕೊಂಡು ಹೋದ. ಚರ್ಮದ ವ್ಯಾಪಾರಿಯಂತೆ. ಬೆನ್ನು ತಟ್ಟಿ ನೋಡಿದ."

ಪದ್ಮನವರು ಬೆಲ್ಲದ ಡಬ್ಬ ಕೆಳಗಿಳಿಸಿದರು. ಅಂದಿನಿಂದ ಸಿಲ್ವಾರನ ಬೇಯಿಸಿದ ಹುರುಳಿಗೆ ಒಂದು ಹಿಡಿ ಬೆಲ್ಲ ಬೀಳತೊಡಗಿತು.

ಮೇಲಿನ ಕಚೇರಿಯ ವಿಜಯೇಂದ್ರ ಎಂಬ ಅಧಿಕಾರಿಗಳ ಅಧ್ಯಕ್ಷತೆಯಲ್ಲಿ ಅಶ್ವ ತರಬೇತುದಾರ ಶೋಧನಾ ಸಮಿತಿ ರಚನೆಯಾಯಿತು. ಸಮಿತಿಗೆ ಒಂದು ಜೀಪು ಕೊಟ್ಟರು. ಅದುವರೆಗೆ ಬಸ್ಸಿನಲ್ಲಿ ನಿಂತು ಓಡಾಡುತ್ತಿದ್ದ ವಿಜಯೇಂದ್ರರು ಮೊದಲನೇ ದಿನ ಜೀಪಿನ ಸುತ್ತ ಒಮ್ಮೆ ನಡೆದು, ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು. ನಂತರ ಪ್ರಕಟಣೆ ಹೊರಟಿತು: ಅಭ್ಯರ್ಥಿಯು ಎಸ್ಸೆಸ್ಸೆಲ್ಸಿ ಪಾಸಾಗಿರತಕ್ಕದ್ದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಕುದುರೆಗಳನ್ನು ಎಡಕ್ಕೆ ತಿರುಗಿಸಿ ಹತ್ತು ವರ್ಷ ಅನುಭವವಿರತಕ್ಕದ್ದು. ಒದೆ ಬಿದ್ದಲ್ಲಿ ಸರ್ಕಾರ ಹೊಣೆಯಲ್ಲ. ಕಚ್ಚಿಸಿಕೊಂಡಲ್ಲಿ ಅರ್ಧ ದಿನದ ರಜೆಯುಂಟು.

ಒಂದು ಅರ್ಜಿಯೂ ಬರಲಿಲ್ಲ. ಬಂದಿದ್ದರೆ ಸಮಿತಿಗೆ ಪ್ರವಾಸ ಹೋಗುವ ಅಗತ್ಯವೇ ಇರುತ್ತಿರಲಿಲ್ಲ. ಸಮಿತಿಯು ಭಾರವಾದ ಮನಸ್ಸಿನಿಂದ ಜೀಪು ಹತ್ತಿ ನಾಲ್ಕೂ ತಾಲ್ಲೂಕುಗಳಲ್ಲಿ ಯೋಗ್ಯರನ್ನು ಹುಡುಕಿತು. ಪಾಂಡವಪುರದಲ್ಲಿ ಮುದ್ದೆ, ಬಸ್ಸಾರು ಉಂಡು, ಕೆ.ಆರ್. ಪೇಟೆಯಲ್ಲಿ ಮಸಾಲೆದೋಸೆ ತಿಂದು, ನಾಗಮಂಗಲದಲ್ಲಿ ಯಾರದೋ ಮನೆಯ ನಾಮಕರಣದಲ್ಲಿ ಒಬ್ಬಟ್ಟಿಗೆ ಕೂತು, ಕೊನೆಗೆ ಮೂವರನ್ನು ಆರಿಸಿತು.

ಮೊದಲು ಬಂದವನು ಚಿನಕುರಳಿಯ ಬೋರಯ್ಯ, ಹೋರಿ ಪಳಗಿಸುವುದರಲ್ಲಿ ಹೆಸರಾದವನು. ಅವನು ಸಿಲ್ವಾರನ ಮುಖವನ್ನು ಬಹಳ ಹೊತ್ತು ನೋಡಿದ.

"ಎತ್ತಾದ್ರೆ ಮೂಗುದಾರ ಇಡ್ದು ಜಗ್ಗಬೋದು. ಇದ್ರ ಮೂಗ್ನಾಗೆ ಏನೈತೆ ಇಡ್ಕಳಕೆ?" ಎಂದ. ಆದರೂ ಹಗ್ಗ ಕೈಗೆ ಸುತ್ತಿಕೊಂಡು ಎಡಕ್ಕೆ ಎಳೆದ. ಸಿಲ್ವಾರ ಅವನನ್ನು ಬಲಕ್ಕೆ ಕರೆದುಕೊಂಡು ಹೋಯಿತು. ಬಾವಿಯ ಕಡೆಯಿಂದ ಪಂಚೆ ಸರಿಮಾಡಿಕೊಳ್ಳುತ್ತ ಬಂದ ಬೋರಯ್ಯ, "ಸ್ವಾಮಿ, ಇದು ಎಡಕ್ ತಿರುಗಾಕಿಲ್ಲ. ಆದ್ರೂ ಒಂದ್ ಮಾತ್ ಏಳ್ತೀನಿ, ಬಲಕ್ಕೆ ಬಾಳ ಚೆಂದಾಗ್ ತಿರುಗ್ತದೆ" ಎಂದ. ಸಮಿತಿಯು ಇದನ್ನು ಭಾಗಶಃ ಪ್ರಗತಿ ಎಂದು ದಾಖಲಿಸಿತು.

ಎರಡನೆಯವನು ಕೆ.ಆರ್. ಪೇಟೆಯಲ್ಲಿ ಮೋಟಾರು ಡ್ರೈವಿಂಗ್ ಸ್ಕೂಲು ಇಟ್ಟಿದ್ದ ಲೋಕೇಶ. ತಿರುಗುವುದು ಅಂದರೆ ತಿರುಗುವುದೇ, ಅದರಲ್ಲಿ ಕುದುರೆ ಬೇರೆ ಕಾರು ಬೇರೆ ಅಂತಿಲ್ಲ ಎಂಬುದು ಅವನ ಸಿದ್ಧಾಂತ. ಸಿಲ್ವಾರನ ಬೆನ್ನಿಗೆ ಕೆಂಪಕ್ಷರದ ಎಲ್ ಬೋರ್ಡು ಕಟ್ಟಿ, ಎಡಗಡೆ ಹಳದಿ ಬಟ್ಟೆ ಹಿಡಿದು ನಿಂತು, ಇದು ಇಂಡಿಕೇಟರ್ ಎಂದು ವಿವರಿಸಿದ. ಸಿಲ್ವಾರ ಇಂಡಿಕೇಟರನ್ನು ತಿಂದು ಬಲಕ್ಕೆ ಹೋಯಿತು.

"ಗಾಡಿ ಏನೋ ಕಂಡೀಷನ್ನಾಗೈತೆ ಸಾರ್, ವೈರಿಂಗ್ ಮಿಷ್ಟೇಕು" ಎಂದು ಲೋಕೇಶ ಹೇಳಿ, ಎಲ್ಲೆಲ್ಲಾರ್ ಮಾಡಿಸುವ ಖರ್ಚೆಂದು ಬಿಲ್ಲು ಕೊಟ್ಟ. ಬಿಲ್ಲು ಪಾಸಾಯಿತು.

ಮೂರನೆಯವರು ಹೊಣಕೆರೆಯ ಶಿವಲಿಂಗಯ್ಯನವರು, ನಿವೃತ್ತ ಡ್ರಿಲ್ ಮೇಷ್ಟ್ರು. ಅವರ ಮೇಲೆ ಎಲ್ಲರಿಗೂ ನಂಬಿಕೆಯಿತ್ತು, ಯಾಕೆಂದರೆ ಸ್ವತಃ ಅಧ್ಯಕ್ಷರೇ ಅವರ ಹಳೆಯ ವಿದ್ಯಾರ್ಥಿ. ಮೇಷ್ಟ್ರು ದೇವಸ್ಥಾನದ ಮುಂದೆ ನೆಟ್ಟಗೆ ನಿಂತು, ಸೀಟಿ ಊದಿ, "ಎಡಕ್ಕೆ ತಿರುಗ್" ಎಂದು ಕೂಗಿದರು. ವಿಜಯೇಂದ್ರರೂ ಸಮಿತಿಯ ಸದಸ್ಯರೂ ಜೀಪಿನ ಡ್ರೈವರೂ ಏಕಕಾಲಕ್ಕೆ ಎಡಕ್ಕೆ ತಿರುಗಿದರು. ಸಿಲ್ವಾರ ಅವರನ್ನೆಲ್ಲ ಒಮ್ಮೆ ನೋಡಿ ಬಲಕ್ಕೆ ಹೊರಟಿತು.

"ಲೇ ವಿಜಯೇಂದ್ರ, ಹಿಮ್ಮಡಿ ಕೂಡಿಸ್ಲಾ" ಎಂದರು ಮೇಷ್ಟ್ರು. ಅಧ್ಯಕ್ಷರು ಹಿಮ್ಮಡಿ ಕೂಡಿಸಿದರು.

ಅಷ್ಟರಲ್ಲಿ ದೀಪಾವಳಿ ಮುಗಿದೇ ಹೋಯಿತು. ಹರಾಜಿನ ದಿನ ಬೆಳಿಗ್ಗೆ ಸಿಲ್ವಾರ ಎಂದಿನಂತೆ ರಾಮಸ್ವಾಮಿಯವರ ಭುಜದ ಮೇಲೆ ಗಲ್ಲವಿಟ್ಟಿತು. ಅವರಿಗೆ ಜಪದ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಶುರುಮಾಡಿದರು, ಮತ್ತೆ ತಪ್ಪಿತು. ಕೊನೆಗೆ ಜಪ ಬಿಟ್ಟು ಸುಮ್ಮನೆ ಅದರ ಮೂಗು ಸವರುತ್ತ ಕೂತರು.

ದೇವಸ್ಥಾನದ ಮುಂದೆ ಜಮಖಾನ, ಕೊಳದಪ್ಪಲೆ, ಕುದುರೆ ಇವುಗಳನ್ನು ಕ್ರಮವಾಗಿ ಇಡಲಾಗಿತ್ತು. ಜಮಖಾನ ಹೋಯಿತು. ಕೊಳದಪ್ಪಲೆಗಳು ಹೋದವು. ಜವಾನ ಗಂಟಲು ಸರಿಮಾಡಿಕೊಂಡು "ಕುದುರೆ ಒಂದು" ಎಂದು ಕೂಗಿದ. ಚರ್ಮದ ವ್ಯಾಪಾರಿ ಮುಂದೆ ಬಂದ.

ರಾಮಸ್ವಾಮಿಯವರು ಏನನ್ನೂ ಯೋಚಿಸಿ ಮಾಡಿದ್ದಲ್ಲ. ಅವರ ಕೈ ಹಗ್ಗವನ್ನು ಬಿಟ್ಟುಬಿಟ್ಟಿತು. ಸಿಲ್ವಾರ ಬಲಕ್ಕೆ ಹೊರಟಿತು. ಹಗ್ಗವಿಲ್ಲದ ಎರಡು ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಅವರು ಜೋಡಿಸಿ ಮುಗಿದರು. ಮುಗಿದ ಮೇಲೆ ಬಾಯಿಂದ "ಗೋವಿಂದಾ" ಎಂದು ಬಂತು. ಹಾಗೆಯೇ ಕುದುರೆಯ ಹಿಂದೆ ನಡೆದರು.

ಹುಲ್ಲಿನ ಹೊರೆ ಇಳಿಸುತ್ತಿದ್ದ ಸೋಮಮ್ಮ, "ಇದೇನ್ ಸ್ವಾಮಿ ಇಂಗೆ ಕೈ ಮುಕ್ಕೊಂಡು ಒಂಟ್ರಿ?" ಎಂದಳು.

"ಪ್ರದಕ್ಷಿಣೆ ಸೋಮಮ್ಮ" ಎಂದರು ರಾಮಸ್ವಾಮಿಯವರು. ತಾವು ಹೇಳಿದ್ದು ಸುಳ್ಳೋ ನಿಜವೋ ಅವರಿಗೇ ಗೊತ್ತಾಗಲಿಲ್ಲ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತು ಬರುವುದಕ್ಕೆ ಬೇರೆ ಹೆಸರಂತೂ ಇಲ್ಲ.

"ಅಯ್ಯೋ ಸಿವನೆ, ಇಸ್ಟ್ ದಿನ ಇದು ದೇವ್ರನ್ನ ಸುತ್ತಾಕ್ತಿತ್ತಾ? ನಾನು ಬಾಯಿಗ್ ಬಂದಂಗೆ ಬಯ್ದ್ಬುಟ್ಟಿದ್ನಲ್ಲ" ಎಂದು ಸೋಮಮ್ಮ ಕೆನ್ನೆ ಬಡಿದುಕೊಂಡು ಹಿಂದೆ ಹೊರಟಳು. ಅಂಚೆ ಕಚೇರಿಯ ಮುಂದಿದ್ದವರು ಸೇರಿಕೊಂಡರು. ಡಿಪೋ ಮುಂದಿನ ಕ್ಯೂ ಡಬ್ಬಗಳ ಸಮೇತ ಸೇರಿಕೊಂಡಿತು. ಠಾಣೆಯಿಂದ ಇಬ್ಬರು ಪೇದೆಗಳು ಟೋಪಿ ತೆಗೆದು ಬಂದರು. ಹಿಂದೆ ಇಷ್ಟು ಜನ ಬರುತ್ತಿದ್ದುದರಿಂದಲೋ ಏನೋ, ಸಿಲ್ವಾರ ಅಂದು ಮನೆಯ ಹತ್ತಿರ ನಿಲ್ಲದೆ ಮುಂದಕ್ಕೇ ಹೋಯಿತು. ಎರಡನೇ ಸುತ್ತಿಗೆ ಚರ್ಮದ ವ್ಯಾಪಾರಿ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದ. ಹರಾಜು ಕೂಗುವ ಜವಾನನೂ ಅವನ ಪಕ್ಕದಲ್ಲೇ ಇದ್ದ.

ಮೂರನೇ ಸುತ್ತಿನಲ್ಲಿ ವಿಜಯೇಂದ್ರರು ರಾಮಸ್ವಾಮಿಯವರ ಪಕ್ಕಕ್ಕೆ ಬಂದರು.

"ಪಾರುಪತ್ತೇಗಾರರೇ, ಎಡಕ್ಕೆ ತಿರುಗಿದ್ರೆ ಏನಾಗುತ್ತೆ?"

"ಅದು ಅಪ್ರದಕ್ಷಿಣೆ ಸಾರ್. ದೋಷ. ಯಾರು ತಿರುಗಿಸ್ತಾರೋ ಅವರಿಗೆ ತಟ್ಟುತ್ತೆ."

"ಅಂದ್ರೆ ಸಮಿತಿಗೆ?"

"ಅಧ್ಯಕ್ಷರಿಗೆ ಮೊದಲು."

ವಿಜಯೇಂದ್ರರೂ ಕೈ ಮುಗಿದುಕೊಂಡರು. "ಹರಾಜು ಹಾಕಿಬಿಟ್ರೆ?"

"ಕುದುರೆ ಹೋಗುತ್ತೆ ಸಾರ್. ಕುದುರೆ ಇಲ್ಲದ ಮೇಲೆ ಸಮಿತಿ ಯಾಕೆ? ಸಮಿತಿ ಇಲ್ಲದ ಮೇಲೆ..." ಎಂದು ರಾಮಸ್ವಾಮಿಯವರು ನಿಲ್ಲಿಸಿದರು. ಇಬ್ಬರೂ ದೇವಸ್ಥಾನದ ಮುಂದೆ ನೆರಳಲ್ಲಿ ನಿಂತಿದ್ದ ಜೀಪನ್ನು ನೋಡಿದರು.

ಮಾರನೆಯ ದಿನವೇ ನಿರ್ಣಯ ಹೊರಟಿತು. ತರಬೇತಿಯ ಕೊರತೆಯಿರುವುದು ಕುದುರೆಯಲ್ಲಲ್ಲ, ಸಾರ್ವಜನಿಕರಲ್ಲಿ ಎಂದು ಸಮಿತಿಯು ಕೂಲಂಕಷ ಪರಿಶೀಲನೆಯಿಂದ ಕಂಡುಕೊಂಡಿದೆ. ನಾಲ್ಕು ತಾಲ್ಲೂಕುಗಳಲ್ಲಿ ಶೋಧಿಸಲಾಗಿ, ಯೋಗ್ಯ ತರಬೇತುದಾರನು ಸದರಿ ಸಿಲ್ವಾರನೇ ಎಂದು ಅಂಗೀಕರಿಸಲಾಗಿದೆ. ಸಮಿತಿಯ ಹೆಸರನ್ನು ಯೋಗ್ಯ ಶಿಷ್ಯರ ಶೋಧನಾ ಸಮಿತಿ ಎಂದು ಬದಲಿಸಿ, ಜೀಪಿನ ಸಮೇತ ಖಾಯಂ ಮಾಡಲಾಗಿದೆ.

ಮೊದಲ ತಂಡದ ಶಿಷ್ಯರಾಗಿ ಬೋರಯ್ಯ, ಲೋಕೇಶ, ಶಿವಲಿಂಗಯ್ಯನವರೇ ಆಯ್ಕೆಯಾದರು, ಅವರಿಗೆ ಅನುಭವವಿತ್ತು. ಮೂವರೂ ಪಾಸಾದರು. ಲೋಕೇಶ ತನ್ನ ಸ್ಕೂಲಿನಲ್ಲಿ ಎಡಕ್ಕೆ ತಿರುಗಿಸುವುದನ್ನು ಹೇಳಿಕೊಡುವುದನ್ನೇ ನಿಲ್ಲಿಸಿ, ಫೀಸು ಮಾತ್ರ ಹಾಗೆಯೇ ಇಟ್ಟ. ಕೋಟೆಯೊಳಗಿನ ಜನ ಪಕ್ಕದ ಮನೆಗೆ ಸಕ್ಕರೆ ಕಡ ಕೇಳಲು ಡಿಪೋ ಸುತ್ತಿ ಹೋಗುವುದನ್ನು ರೂಢಿ ಮಾಡಿಕೊಂಡರು. ಮರುವರ್ಷ ಬಂದ ಆಡಿಟರು ಹೊಸ ಆಕ್ಷೇಪಣೆ ಬರೆದರು: "ಮನೆಯಿಂದ ದೇವಸ್ಥಾನಕ್ಕೆ ಹೋಗುವ ದಾರಿಯು ಇಷ್ಟು ಚಿಕ್ಕದಾಗಿರಲು ಕಾರಣವೇನು?" ಇದಕ್ಕೆ ವಿವರಣೆ ಇನ್ನೂ ಸಿದ್ಧವಾಗುತ್ತಿದೆ.

ಒಂದು ಸಂಜೆ ರಾಮಸ್ವಾಮಿಯವರು ದೇವಸ್ಥಾನಕ್ಕೆ ಬೀಗ ಹಾಕಿ ಹೊರಬಂದರು. ಒಬ್ಬರೇ ಇದ್ದರು. ಸಿಲ್ವಾರ ಅಂದಿನ ತರಗತಿ ಮುಗಿಸಿ ಕೊಟ್ಟಿಗೆಯಲ್ಲಿ ಬೆಲ್ಲದ ಹುರುಳಿ ತಿನ್ನುತ್ತಿತ್ತು. ಎಡಗಡೆ ಎರಡು ಮನೆಯಾಚೆ ಪದ್ಮನವರು ಬಾಗಿಲಲ್ಲಿ ನಿಂತು, "ರೀ, ಕಾಫಿ ಆಗಿದೆ, ಬನ್ನಿ" ಎಂದರು.

"ಬಂದೆ ಕಣೇ" ಎಂದು ರಾಮಸ್ವಾಮಿಯವರು ಬಲಕ್ಕೆ ತಿರುಗಿ ಅಂಚೆ ಕಚೇರಿಯ ಕಡೆ ಹೊರಟರು. ಪದ್ಮನವರು ಒಳಗೆ ಹೋಗಿ ಹಾಲನ್ನು ಒಲೆಯಿಂದ ಕೆಳಗಿಳಿಸಿದರು. ಯಜಮಾನರು ಪೊಲೀಸ್ ಠಾಣೆ ದಾಟುವ ಹೊತ್ತಿಗೆ ಮತ್ತೆ ಇಟ್ಟರೆ ಸರಿಹೋಗುತ್ತಿತ್ತು.