ಏನೇ ಆದರೂ ಮಾತನಾಡತಕ್ಕದ್ದಲ್ಲ

ಹೋದ ವರ್ಷ ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಯ ಆವರಣದಲ್ಲಿ, ಗೇಟಿನಿಂದ ಹದಿನಾಲ್ಕು ಅಡಿ ಒಳಗೆ, ಬೇವಿನ ಮರದ ಉತ್ತರಕ್ಕೆ ನಿಂತಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಬೇರೆ ಕೆಲಸಕ್ಕೆ ನಾನು ಇನ್ನೂ ಅಲ್ಲಿಗೆ ಹೋಗಬೇಕಾಗುತ್ತದೆ. ಅಡಿಯ ಲೆಕ್ಕ ಮಾತ್ರ ಸರಿಯಾಗಿದೆ. ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಚೈನು ಎಳೆದು ನಿವೃತ್ತನಾದವನು ನಾನು. ಆ ದಿನ ನಾನು ತಪ್ಪಿದ್ದು ಅಳತೆಯಲ್ಲಲ್ಲ.

ನಮ್ಮ ಚರ್ಚಿನ ಮುಂದಿನ ರಸ್ತೆ ಗುಡಿಸುವಾಕೆ ಹನುಮಕ್ಕ. ಆಕೆ ನಮ್ಮ ಸಭೆಯವಳಲ್ಲ, ಯಾವ ಸಭೆಯವಳೂ ಅಲ್ಲ; ಮನೆದೇವರು ಬೇರೆ. ಆದರೆ ಎಷ್ಟೋ ವರ್ಷಗಳಿಂದ ನಾವು ಆರಾಧನೆಗೆ ನಡೆದು ಬರುವ ದಾರಿಯೆಲ್ಲ ಆಕೆ ಗುಡಿಸಿದ್ದು. ಬರಿಗೈಯಲ್ಲಿ ಕಸ ಬಾಚುವಾಗ ಒಡೆದ ಬಾಟಲಿಯ ಚೂರು ಹೊಕ್ಕು ಬಲ ಅಂಗೈಗೆ ಏಳು ಹೊಲಿಗೆ ಬಿತ್ತು. ಹೊಲಿಗೆ ಬಿಚ್ಚಿಸಿಕೊಂಡು ಬಂದವಳು ಗುತ್ತಿಗೆದಾರನ ಬಳಿ ಗ್ಲೌಸು ಕೇಳಿದಳು. ಅವನು, "ಮಾತು ಜಾಸ್ತಿ ಆಯ್ತು ನಿಂದು, ನಾಳೆಯಿಂದ ಬರಬ್ಯಾಡ" ಎಂದ. ಇಪ್ಪತ್ತೆರಡು ದಿನದಿಂದ ಆಕೆ ಮನೆಯಲ್ಲಿದ್ದಳು. ಗಂಡನಿಲ್ಲ. ಆ ಕೆಲಸ ಬಿಟ್ಟರೆ ಬೇರೆ ಆಧಾರವಿಲ್ಲ.

ಊರಿನ ಮೂರು ಸಭೆಗಳು ಸೇರಿ ಆಕೆಗಾಗಿ ಒಂದು ದಿನ ಬೀದಿಗಿಳಿದು ಆ ಕಚೇರಿಗೆ ಮನವಿ ಕೊಡುವುದೆಂದು ತೀರ್ಮಾನವಾಯಿತು. ಕಾರ್ಯದರ್ಶಿ ನಾನು. ಇಂಥದ್ದನ್ನು ವ್ಯವಸ್ಥಿತವಾಗಿ ಮಾಡಲು ನನ್ನಷ್ಟು ಯೋಗ್ಯನಾದವನು ಜಿಲ್ಲೆಯಲ್ಲೇ ಇಲ್ಲವೆಂದು ಆಗ ನನಗೆ ಅನ್ನಿಸಿತ್ತು.

ಮೊದಲ ಸಮಾಲೋಚನೆಯಲ್ಲೇ ತೊಡಕು ಬಂತು. ನಮ್ಮ ಸಭೆಯ ಪಾದ್ರಿ ಅಯ್ಯನವರು ಕೀರ್ತನೆ ಹಾಡೋಣ ಎಂದರು. ಕಥೋಲಿಕರ ಫಾದರ್ ಜಪಮಾಲೆ ಎಂದರು. ಮೂರನೆಯ ಸಭೆಯ ಪಾಸ್ಟರ್ ಡ್ರಮ್ಮು ತರುತ್ತೇನೆ ಎಂದರು. ಒಂದೂವರೆ ಗಂಟೆ ಚರ್ಚಿಸಿದ ಮೇಲೆ ಮೂವರೂ ಒಪ್ಪಿದ ಒಂದೇ ಸಂಗತಿ, ಮೌನ. ಫಲಕದಲ್ಲಿ ಏನು ಬರೆಯುವುದು ಎಂಬುದಕ್ಕೆ ಇನ್ನೊಂದು ಗಂಟೆ. ಕೊನೆಗೆ ಯಾರ ತಕರಾರೂ ಇಲ್ಲದೆ ಉಳಿದ ಪದ ಒಂದೇ: 'ನ್ಯಾಯ'. ಮೌನವನ್ನು ಮುಗಿಸುವವರು ಯಾರು? ಹಿರಿಯರಾದ ನಮ್ಮ ಅಯ್ಯನವರೇ ಆಶೀರ್ವಚನ ಹೇಳಿ ಮುಗಿಸುವುದು, ಮನವಿ ಪತ್ರವನ್ನೂ ಅವರೇ ಕೊಡುವುದು ಎಂದಾಯಿತು.

ಆಶೀರ್ವಚನವೆಂದರೆ ಆರಾಧನೆಯ ಕೊನೆಯಲ್ಲಿ ಪಾದ್ರಿಯವರು ಎರಡೂ ಕೈ ಎತ್ತಿ ಹೇಳುವ ಮಾತು. ಅದು ಆಗದೆ ನಮ್ಮಲ್ಲಿ ಯಾರೂ ಬೆಂಚು ಬಿಟ್ಟು ಏಳುವುದಿಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟು ಬಂದವರೂ ಏಳುವುದಿಲ್ಲ!

ನಾನು ನಿಯಮಾವಳಿ ಬರೆದು ಜೆರಾಕ್ಸ್ ಮಾಡಿಸಿ ಹಂಚಿದೆ. ನಾಲ್ಕನೆಯ ನಿಯಮ ಹೀಗಿತ್ತು: "ಭಾಗವಹಿಸುವವರು ಬಾಯಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿರತಕ್ಕದ್ದು. ಆಶೀರ್ವಚನವಾಗುವವರೆಗೆ ಏನೇ ಆದರೂ ಮಾತನಾಡತಕ್ಕದ್ದಲ್ಲ." 'ಏನೇ ಆದರೂ' ಎಂಬುದರ ಕೆಳಗೆ ಎರಡು ಗೆರೆ.

ಹೆಂಡತಿ ಸುಶೀಲ ಅದನ್ನು ಓದಿ ಕನ್ನಡಕ ತೆಗೆದಳು. "ರೀ, ಅಯ್ಯನೋರು ಬರ್ದೇ ಇದ್ರೆ?"

"ಬರದೆ ಎಲ್ಲಿಗೆ ಹೋಗ್ತಾರೆ?"

"ಹೊಳಲ್ಕೆರೆಗೆ. ಮಂಗಳವಾರ ಸಂಜೆ ಅಲ್ಲಿ ಪ್ರಾರ್ಥನೆ ಐತಲ್ಲ."

"ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತಾರೆ. ನಿನಗೆ ವಿಶ್ವಾಸ ಕಡಿಮೆ."

"ವಿಶ್ವಾಸ ದೇವರ ಮೇಲೆ ಐತ್ರಿ. ಬಸ್ಸಿನ ಮೇಲೆ ಇಲ್ಲ."

ಹನುಮಕ್ಕನಿಗೆ ಕಪ್ಪು ಪಟ್ಟಿ ಕೊಡಲು ಹೋದಾಗ ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಾನೂ ಕಟ್ಕಬೇಕಾ ಸಾಮಿ?"

"ಎಲ್ಲರೂ ಕಟ್ಟಿಕೊಳ್ಳಬೇಕಮ್ಮ. ನಿಯಮ."

"ಆಗ್ಲಿ ಬಿಡ್ರಿ. ಓದಿದೋರು ಹೇಳ್ತೀರಿ" ಎಂದು ಸೆರಗಿಗೆ ಕಟ್ಟಿಕೊಂಡಳು.

ಆ ಬುಧವಾರ ನಾವು ನಲವತ್ಮೂರು ಜನ, ಎರಡು ಸಾಲು, ಮನುಷ್ಯನಿಗೂ ಮನುಷ್ಯನಿಗೂ ಮೂರಡಿ ಅಂತರ. ಹತ್ತೂವರೆಗೆ ಪಟ್ಟಿ ಬಿಗಿದೆವು. ಶಿಸ್ತು ನೋಡಿ ನನಗೆ ಕಣ್ಣು ತುಂಬಿತು. ಅಯ್ಯನವರು ಮಾತ್ರ ಇನ್ನೂ ಬಂದಿರಲಿಲ್ಲ. ಸಹಿಗೆಂದು ಹಿಂದಿನ ದಿನ ನಾನೇ ಅವರ ಚೀಲಕ್ಕೆ ಹಾಕಿದ್ದ ಮನವಿ ಪತ್ರವೂ ಬಂದಿರಲಿಲ್ಲ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಕರೆಯದೆಯೇ, ಅಧಿಕಾರಿ ತಾವಾಗಿ ಹೊರಗೆ ಬಂದರು! ಹೊಸಬರು, ಸಣ್ಣ ವಯಸ್ಸು, ನಗುಮುಖ. ಹಿಂದೆ ಅಟೆಂಡರ್ ತಿಪ್ಪೇಸ್ವಾಮಿ.

"ಬಿಸಿಲಲ್ಲಿ ನಿಂತಿದ್ದೀರಿ. ಏನು ಸಮಸ್ಯೆ ಹೇಳಿ" ಎಂದರು.

ಯಾರೂ ಹೇಳಲಿಲ್ಲ.

ಫಾದರ್ ಪಾಸ್ಟರ ಕಡೆ ನೋಡಿ ತಾವು ಎನ್ನುವಂತೆ ಕೈ ಚಾಚಿದರು. ಪಾಸ್ಟರು ಇಲ್ಲ ತಾವು ಎನ್ನುವಂತೆ ಫಾದರ್ ಕಡೆ ಚಾಚಿದರು. ಹೀಗೆ ನಾಲ್ಕು ಸಲ ಆಯಿತು. ನಾನು ಎಣಿಸಿದ್ದೇನೆ. ಆಮೇಲೆ ಇಬ್ಬರೂ ನನ್ನ ನಾಲ್ಕನೆಯ ನಿಯಮವನ್ನು ನೆನೆದು ಆಕಾಶ ನೋಡಿದರು.

ಅಧಿಕಾರಿ ಫಲಕ ಓದಿದರು. "ನ್ಯಾಯ. ಸರಿ, ಯಾವ ವಿಷಯದಲ್ಲಿ? ಕುಡಿಯುವ ನೀರಾ?" ನಲವತ್ಮೂರು ತಲೆಗಳು ಅಡ್ಡಡ್ಡ ಆಡಿದವು. "ಸ್ಮಶಾನದ ಜಾಗವಾ?" ಅಡ್ಡಡ್ಡ. "ಬೀದಿ ದೀಪ?" ಅವರು ಗಡಿಯಾರ ನೋಡಿಕೊಂಡರು. ಜೀಪು ಶುರುವಾಗಿ ನಿಂತಿತ್ತು. ಆ ಜೀಪು ಹೊರಟರೆ ಹನುಮಕ್ಕನ ಕೆಲಸವೂ ಅದರ ಹಿಂದೆಯೇ ಹೊರಟಂತೆ. ಅಷ್ಟು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಎರಡು ಗೆರೆ ಎಳೆದಿದ್ದೆನಲ್ಲ!

ಸನ್ನೆ ನಿಯಮಬಾಹಿರವಲ್ಲವೆಂದು ಹೊಳೆದು ನಾನು ಮುಂದೆ ಬಂದೆ. ಸೊಂಟ ಬಗ್ಗಿಸಿ ಗುಡಿಸಿದೆ. ಕಸ ಬಾಚಿದೆ. ಅಂಗೈ ತೋರಿಸಿ ನೋವಿನ ಮುಖ ಮಾಡಿದೆ. ಆಮೇಲೆ ಎರಡೂ ಕೈಗೆ ಗ್ಲೌಸು ಏರಿಸಿಕೊಂಡಂತೆ ಮಾಡಿದೆ. ಅರವತ್ತಾರರ ವಯಸ್ಸಿನಲ್ಲಿ ಅದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವಿಲ್ಲ.

ತಿಪ್ಪೇಸ್ವಾಮಿಗೆ ತಕ್ಷಣ ಅರ್ಥವಾಯಿತು. "ಸಾರ್, ಕಾಂಪೌಂಡ್ ಗುಡಿಸ್ತೀವಿ ಅಂತವ್ರೆ! ತೋಳು ಏರಿಸ್ಕಂಡು ಕೈ ನೋಯೋ ತನಕ ಗುಡಿಸ್ತಾರಂತೆ! ಸೇವೆ ಮಾಡೋ ಜನ ಸಾರ್ ಇವ್ರು."

"ಓಹೋ, ಶ್ರಮದಾನ!" ಅಧಿಕಾರಿಯ ಮುಖ ಅರಳಿತು. "ಪೊರಕೆ ತರಿಸ್ರೀ. ಫೋಟೋದವರನ್ನೂ ಕರೀರಿ."

ನಾವು ಅಡ್ಡಡ್ಡ ತಲೆ ಆಡಿಸಿದೆವು. ಅದನ್ನು ಅವರು ವಿನಯ ಎಂದುಕೊಂಡರು.

ಹದಿನೆಂಟು ಪೊರಕೆ ಬಂದವು. ಫಾದರ್‌ಗೊಂದು, ಪಾಸ್ಟರಿಗೊಂದು, ನನಗೊಂದು. ಸತ್ಯವನ್ನೇ ಬರೆಯುತ್ತಿದ್ದೇನೆ: ನಾವು ಗುಡಿಸಿದೆವು. ಬೇವಿನ ಮರದ ಸುತ್ತ, ಜೀಪು ನಿಲ್ಲುವ ಜಾಗ, ಮೆಟ್ಟಿಲು. ಸುಶೀಲ ನನ್ನ ಪಕ್ಕದಲ್ಲಿ ಗುಡಿಸುತ್ತ ಪಟ್ಟಿಯ ಮೇಲಿನಿಂದ ನನ್ನನ್ನು ನೋಡಿದ ನೋಟವನ್ನು ವಿವರಿಸಲಾರೆ. ಮದುವೆಯಾಗಿ ಮೂವತ್ತೊಂಬತ್ತು ವರ್ಷದಲ್ಲಿ ಅಂಥದ್ದನ್ನು ಎರಡನೆಯ ಸಲ ನೋಡಿದ್ದು.

ಆಗ ತಿಪ್ಪೇಸ್ವಾಮಿ ಹನುಮಕ್ಕನ ಬಲಗೈಗೂ ಒಂದು ಪೊರಕೆ ಇಟ್ಟ. ಹೊಲಿಗೆ ಹಾಕಿದ ಕೈ. ಬರಿಗೈ. ಅವನಿಗೇನು ಗೊತ್ತು ಪಾಪ. ಗೊತ್ತಿದ್ದವನು ನಾನು. ನಾನು ಆಕೆಯಿಂದ ಆರಡಿ ದೂರದಲ್ಲಿ ಎಲೆ ಗುಡ್ಡೆ ಹಾಕುತ್ತಿದ್ದೆ.

ಹನುಮಕ್ಕ ಪೊರಕೆಯನ್ನು ನೆಲಕ್ಕೆ ಎಸೆಯಲಿಲ್ಲ. ಮೆಲ್ಲಗೆ ಗೋಡೆಗೆ ಒರಗಿಸಿದಳು. ಪಟ್ಟಿ ಬಿಚ್ಚಿದಳು.

"ಸಾಹೇಬ್ರೇ, ಒಂದು ನಿಮಿಷ ನಿಲ್ರಿ. ಇವ್ರಿಗೇನೂ ಆಗಿಲ್ಲ. ಆಗಿರೋದು ನನಗೆ." ಅಂಗೈ ಚಾಚಿದಳು. "ಬಾಟ್ಲಿ ಚೂರು ಹೊಕ್ಕಿದ್ದು. ಗ್ಲೌಸು ಕೊಡ್ರಿ ಅಂದೆ, ಬಾಯಿ ಜಾಸ್ತಿ ಅಂತ ಕೆಲ್ಸ ಬಿಡಿಸಿದ್ರು. ಇವ್ರು ಒಳ್ಳೇ ಜನ, ನನಗೋಸ್ಕರ ಬಂದವ್ರೆ. ಆದ್ರೆ ಇವ್ರೂ ನನ್ನ ಬಾಯಿಗೇ ಬಟ್ಟೆ ಕಟ್ಟವ್ರೆ. ನಾನು ಯಾವಾಗ ಮಾತಾಡ್ಲಿ ಸಾಮಿ?"

ಪೊರಕೆಗಳೆಲ್ಲ ನಿಂತವು. ಕೊನೆಯ ಪ್ರಶ್ನೆ ಅಧಿಕಾರಿಗಲ್ಲ, ನನಗೆ. ಆಕೆ ನನ್ನ ಕಡೆಗೇ ನೋಡುತ್ತಿದ್ದಳು.

ಅಧಿಕಾರಿ ಜೀಪು ಆರಿಸಲು ಹೇಳಿದರು. ಆ ಕೈಯನ್ನು ಹತ್ತಿರದಿಂದ ನೋಡಿದರು. ಗುತ್ತಿಗೆದಾರನ ಹೆಸರು ಕೇಳಿ ಬರೆದುಕೊಂಡು ಅಲ್ಲೇ ಫೋನು ಮಾಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಇದನ್ನೆಲ್ಲ ಏರ್ಪಾಡು ಮಾಡಿದವರು ಯಾರು?" ಎಂದರು.

ನಲವತ್ತೆರಡು ಜನ, ಒಂದೇ ಒಂದು ಶಬ್ದವಿಲ್ಲದೆ, ನನ್ನ ಕಡೆ ಬೆರಳು ತೋರಿಸಿದರು. ಹನುಮಕ್ಕ ಕೂಡ!

"ನೀವೇಕೆ ಮೊದಲೇ ಹೇಳಲಿಲ್ಲ?" ಎಂದು ಅವರು ಕೇಳಿದರು.

ನಾನು ಹೊಳಲ್ಕೆರೆ ಇರುವ ದಿಕ್ಕಿಗೆ ಕೈ ತೋರಿಸಿದೆ.

ಹನ್ನೆರಡು ನಲವತ್ತಕ್ಕೆ ಅಯ್ಯನವರು ಆಟೋದಿಂದ ಇಳಿದರು. ಬಸ್ಸು ನಡುದಾರಿಯಲ್ಲಿ ಪಂಕ್ಚರ್ ಆಗಿತ್ತಂತೆ. ಬೆವರು ಒರೆಸಿಕೊಂಡು, ಥಳಥಳ ಹೊಳೆಯುತ್ತಿದ್ದ ಆವರಣವನ್ನು ಮೆಚ್ಚುಗೆಯಿಂದ ನೋಡಿ, ಎರಡೂ ಕೈ ಎತ್ತಿ ಆಶೀರ್ವಚನ ಹೇಳಿದರು. ನಾನು ಪಟ್ಟಿ ಬಿಚ್ಚಿ ಎರಡು ಗಂಟೆ ಹತ್ತು ನಿಮಿಷದ ನಂತರ ಮೊದಲ ಮಾತಾಡಿದೆ: "ಮನವಿ ಪತ್ರ ತಂದಿರಾ?"

"ಅದಾ? ಹೊಳಲ್ಕೆರೆಯಲ್ಲೇ ಉಳಿದುಬಿಡ್ತಲ್ಲಪ್ಪ" ಎಂದರು.

ಮುಂದಿನ ಸೋಮವಾರ ಹನುಮಕ್ಕ ಕೆಲಸಕ್ಕೆ ಹೋದಳು. ಗ್ಲೌಸು ಆಕೆಗೊಬ್ಬಳಿಗೇ ಕೊಟ್ಟರು. ಉಳಿದ ಹೆಂಗಸರಿಗೂ ಕೊಡುವ ತನಕ ಹಾಕಿಕೊಳ್ಳುವುದಿಲ್ಲ ಎಂದು ಹಟ ಹಿಡಿದು ಕೂತಳಂತೆ. ಮೂರನೆಯ ದಿನ ಎಲ್ಲರಿಗೂ ಬಂತು. ಆ ವಿಷಯದಲ್ಲಿ ಆಕೆ ನಮ್ಮ ಸಮಿತಿಯ ಸಹಾಯ ಕೇಳಲಿಲ್ಲ. ಬುದ್ಧಿವಂತೆ.

ಪತ್ರಿಕೆಯಲ್ಲಿ ನನ್ನ ಫೋಟೋ ಬಂದಿತ್ತು, ಪೊರಕೆ ಸಮೇತ. ಈಗ ನಾನೇನಾದರೂ ಸಭೆ ಕರೆದರೆ ಜನ ಮೊದಲು, ಪೊರಕೆ ನಾವೇ ತರಬೇಕಾ ಎಂದು ಕೇಳುತ್ತಾರೆ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಣ್ಣಾರೆ ಕಂಡವರು ಇದ್ದಾರೆ: ಹನುಮಕ್ಕ, ಫಾದರ್, ಪಾಸ್ಟರು, ತಿಪ್ಪೇಸ್ವಾಮಿ, ನನ್ನ ಹೆಂಡತಿ ಸುಶೀಲ. ದೇವರ ದಯೆಯಿಂದ ಎಲ್ಲರೂ ಬದುಕಿದ್ದಾರೆ, ಎಲ್ಲರಿಗೂ ನೆನಪು ಗಟ್ಟಿಯಾಗಿದೆ. ಸುಶೀಲಳಿಗಂತೂ ಗಂಟಲೂ ಗಟ್ಟಿಯಾಗಿದೆ.