ಬಾದಶಹಾ ಸತ್ತ ಸೂತಕ

ಈ ದೇಶದಲ್ಲಿ ಯಾವ ರಾಜ ಸತ್ತರೂ ಜಮಖಂಡಿಯ ನಮ್ಮ ಕಾಕಾ ತಲೆಮೇಲೆ ನೀರು ಹಾಕಿಕೊಳ್ಳಲೇಬೇಕು! ರಾಜ ಸತ್ತು ನಾಲ್ಕುನೂರು ವರ್ಷವಾಗಿರಲಿ, ಸಾವಿರ ವರ್ಷವಾಗಿರಲಿ. ಸುದ್ದಿ ಕಿವಿಗೆ ಬಿದ್ದ ಮೇಲಲ್ಲವೇ ಸೂತಕ? ಕಾಕಾನಿಗೆ ಸುದ್ದಿ ಮುಟ್ಟುವುದು ತಿಂಗಳಿಗೊಮ್ಮೆ ಅಂಚೆಯಲ್ಲಿ. ದೇಶದ ಇತಿಹಾಸವನ್ನು ಬಣ್ಣದ ಚಿತ್ರ ಹಾಕಿ ಕಥೆಯಂತೆ ಹೇಳುವ ಒಂದು ಮಾಸಪತ್ರಿಕೆ ಬರುತ್ತದೆ. ಎಲ್ಲರೂ ಅದನ್ನು ಇತಿಹಾಸವೆಂದು ಓದಿದರೆ ಕಾಕಾ ಇವತ್ತಿನ ಪೇಪರೆಂದು ಓದುತ್ತಾರೆ.

ಒಮ್ಮೆ ಆಫೀಸಿನಲ್ಲಿ ಸಾಹೇಬರ ಮುಂದೆ ಫೈಲು ಹಿಡಿದು ನಿಂತಿದ್ದೆ. ಕಾಕಾನ ಫೋನು ಬಂತು.

“ಲೇ, ಸೋತ್ವೋ! ಎಲ್ಲಾ ಮುಗೀತು!”

ಸಾವಳಗಿ ಹೊಲದ ಕೇಸು ಬಿತ್ತೆಂದುಕೊಂಡು, “ವಕೀಲರು ಏನಂದ್ರು ಕಾಕಾ?” ಎಂದೆ.

“ವಕೀಲರು ಎಲ್ಲಿಂದ ಬಂದ್ರೋ ಹುಚ್ಚಾ? ತಾಳಿಕೋಟಿ ಯುದ್ಧದಾಗ ಸೋತ್ವಿ. ಹಂಪಿ ಸುಡಾಕತ್ತೈತಿ!”

ನನ್ನ ಮುಖ ನೋಡಿದ ಸಾಹೇಬರು ಮನೆಯಲ್ಲಿ ಏನೋ ಅನಾಹುತವಾಗಿದೆಯೆಂದು ಅರ್ಧ ದಿನ ರಜೆ ಕೊಟ್ಟರು. ನಾನೂ ಸುಮ್ಮನೆ ತೆಗೆದುಕೊಂಡೆ. ವಿಜಯನಗರ ಬಿದ್ದ ದಿನ ಯಾರಾದರೂ ಕೆಲಸ ಮಾಡುತ್ತಾರೆಯೇ?

ಕಾಕಾನ ಹೆಂಡತಿ, ನಮ್ಮ ಕಾಕು ಮಾತ್ರ ರೋಸಿಹೋಗಿದ್ದಳು. “ಹಿಂಗ ರಾಜಾಗೋಳು ಸಾಯಾಕತ್ರ ನಳದ ನೀರು ಎಲ್ಲಿ ಸಾಲಬೇಕೋ ತಮ್ಮಾ!” ಎನ್ನುತ್ತಿದ್ದಳು.

ಇದೆಲ್ಲ ನಗೆಯ ಮಾತಾಯಿತು. ನಿಜವಾಗಿ ನಾವು ಬೆಚ್ಚಿಬಿದ್ದದ್ದು ಸುಧಾನ ಲಗ್ನದ ಮಾತುಕತೆಯ ದಿನ. ಸುಧಾ ಕಾಕಾನ ಮಗಳು, ಬನಹಟ್ಟಿಯಲ್ಲಿ ಶಾಲೆಯ ಟೀಚರು. ಬಂದ ಗಂಡುಗಳಿಗೆಲ್ಲ ಏನಾದರೊಂದು ಕೊಂಕು ತೆಗೆಯುತ್ತಿದ್ದ ಹುಡುಗಿ, ಮುಧೋಳದ ಹುಡುಗನಿಗೆ ಮಾತ್ರ ತಲೆ ಬಗ್ಗಿಸಿ ನಕ್ಕಿದ್ದಳು! ಇದೊಂದು ಕೂಡಿಬರಲೆಂದು ಕಾಕು ದೇವರಿಗೆ ಹರಕೆ ಹೊತ್ತಿದ್ದಳು.

ಬೀಗರು ಬಂದರು. ಚುರಮರಿ ಸುಸಲಾ ತಿಂದರು, ಚಹಾ ಕೈಗೆ ತೆಗೆದುಕೊಂಡರು. ಹುಡುಗನ ಅಪ್ಪ, “ಹಂಗಾರ ಎಲಿ-ಅಡಕಿ ಹಿಡಿಯೂಣೇನ್ರಿ?” ಎಂದರು.

ಕಾಕಾ ಧಡಕ್ಕನೆ ಎದ್ದು ನಿಂತರು. “ಆಗೂದಿಲ್ರೀ. ನಮಗ ಸೂತಕ ಐತಿ.”

ಕಾಕುವಿನ ಕೈಯಿಂದ ತಾಟು ಬಿತ್ತು.

“ಅಯ್ಯ ಶಿವನ! ಯಾರು ಹ್ವಾದ್ರೀ?” ಎಂದರು ಹುಡುಗನ ಅಪ್ಪ.

“ದಿಲ್ಲಿ ಬಾದಶಹಾ.”

“ದಿಲ್ಯಾಗ ನಿಮ್ಮ ಬಳಗ ಐತೇನ್ರಿ?”

“ಬಳಗ ಏನ್ ಬಂತ್ರಿ, ದೇಶಕ್ಕ ಹಿರ್ಯಾರು! ಹೊಟ್ಟ್ಯಾಗ ಹುಟ್ಟಿದ ಮಗಾನ ಅವರ್ನ ಸೆರಿಗೆ ಹಾಕಿದ್ದ. ಅಲ್ಲೇ ಜೀವಾ ಬಿಟ್ರು, ಪಾಪ.”

ಬೀಗರು ಚಹಾ ಅರ್ಧಕ್ಕೇ ಬಿಟ್ಟು ಚಪ್ಪಲಿ ಹುಡುಕತೊಡಗಿದರು. ಹುಡುಗನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, “ಇವತ್ತು ಸಂಜೀ ತನಕ ಒಂದು ಮಾತು ತಿಳಸ್ರಿ. ಇಲ್ಲಂದ್ರ ಬೀಳಗ್ಯಾಗ ಇನ್ನೊಂದು ಕನ್ಯಾ ನೋಡೇವಿ,” ಎಂದು ಹೇಳಿ ಹೋದರು. ಸುಧಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲೇ ನೆನಪಾಯಿತು. ಅರೇ, ಈ ಬಾದಶಹಾ ದೀಪಾವಳಿಯ ಸಂಚಿಕೆಯಲ್ಲೇ ಸತ್ತಿದ್ದನಲ್ಲ! ಅವತ್ತು ಕಾಕಾನ ತಲೆಗೆ ನೀರು ಹಾಕಿದವನು ನಾನೇ!

ಬಚ್ಚಲಿಗೆ ಓಡಿದೆ. ಸೂತಕದ ಸ್ನಾನಕ್ಕೆಂದು ಹೋಗಿದ್ದ ಕಾಕಾ ಸ್ನಾನವನ್ನೇ ಮಾಡಿರಲಿಲ್ಲ. ಕೊಡದ ಮುಂದೆ ಒಣ ತಲೆ ಹೊತ್ತು ಸುಮ್ಮನೆ ಕೂತಿದ್ದರು.

“ಒಬ್ಬ ಬಾದಶಹಾ ಎಷ್ಟು ಸಲ ಸಾಯಬೇಕು ಕಾಕಾ?”

ಕಾಕಾ ಖಾಲಿ ತಂಬಿಗೆಯನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ಮೆಲ್ಲಗೆ ಅಂದರು: “ಇಷ್ಟು ವರ್ಷದ ಸಂಚಿಕಿ ಎಲ್ಲಾ ಓದೇನ್ಲೇ. ಲಗ್ನಾ ಆಗಿ ಹ್ವಾದ ರಾಜಕುಮಾರಿ ಹೊಳ್ಳಿ ತವರಮನಿಗೆ ಬಂದದ್ದು ಒಂದರಾಗೂ ಬರ್ದಿಲ್ಲ.”

ಮುಧೋಳವೇನು ಏಳು ಸಮುದ್ರದ ಆಚೆಗಿದೆಯೇ? ಬಸ್ಸು ಹತ್ತಿ ಒಂದಿಷ್ಟು ಶೇಂಗಾ ತಿಂದು ಮುಗಿಸುವುದರೊಳಗೆ ಬರುತ್ತದೆ! ಹಾಗೆಂದು ಬಯ್ಯಲು ಬಾಯಿ ತೆರೆದವನು ಹಿಂದೆ ನೋಡಿ ಸುಮ್ಮನಾದೆ. ಸುಧಾ ಬಂದು ನಿಂತಿದ್ದಳು. ಅತ್ತು ಅವಳ ಕಣ್ಣು ಕೆಂಪಾಗಿದ್ದವು.

“ಆ ರಾಜಕುಮಾರಿಗೋಳನ್ನ ಅವರಪ್ಪ ಪಂಚಮಿ ಹಬ್ಬಕ್ಕ ಕರ್ಯಾಕ ಹೋಗಿರಾಕಿಲ್ಲ ಅಪ್ಪಾ, ಅದಕ್ಕ ಬಂದಿಲ್ಲ. ನೀ ಬರ್ತಿ ಹೌದಿಲ್ಲೋ?”

ಕಾಕಾ ಬಟ್ಟೆಯನ್ನೂ ಬಿಚ್ಚದೆ ಒಂದು ತಂಬಿಗೆ ನೀರನ್ನು ತಲೆಮೇಲೆ ಸುರಿದುಕೊಂಡರು. ಅತ್ತದ್ದು ನಮಗೆ ಕಾಣಬಾರದೆಂದಿರಬೇಕು, ಹಿಂದೆಯೇ ಇನ್ನೊಂದು. ಮೂರನೆಯದನ್ನು ಎತ್ತುತ್ತ, ನನ್ನ ಕಡೆ ನೋಡದೆ ಅಂದರು:

“ಲೇ, ಮುಧೋಳಕ್ಕ ಫೋನ್ ಹಚ್ಚು. ಸೂತಕಾ ಕಳೀತಂತ ಹೇಳು.”